ಮಾತಿಲ್ಲದ ಹಾಸ್ಯಚಿತ್ರ: ಮೂಕಿ ಕಾಲದಿಂದ ‘ಪುಷ್ಪಕ ವಿಮಾನ’ದವರೆಗೆ

ಮಾತಿನ ನೆರವಿಲ್ಲದೆ, ನಟರ ಮೈ-ಮುಖಗಳ ಚಲನೆಯಿಂದಲೂ ಘಟನೆಗಳ ಕೊಂಡಿಯಿಂದಲೂ ನಗೆ ಹುಟ್ಟಿಸುವ ಚಲನಚಿತ್ರ ಪ್ರಕಾರ. ಇದರಲ್ಲಿ ಎರಡು ಬಗೆ. ಚಿತ್ರದೊಡನೆ ಧ್ವನಿಯನ್ನು ಸೇರಿಸುವ ತಂತ್ರ ಬಳಕೆಗೆ ಬರುವ ಮುನ್ನ, ಸುಮಾರು 1895ರಿಂದ 1930ರ ತನಕ, ತಯಾರಾದವು ಮೊದಲ ಬಗೆಯವು. ಅಮೆರಿಕದ ಒಂದು ರೀಲಿನ, ಎರಡು ರೀಲಿನ ಕಿರು ಹಾಸ್ಯಚಿತ್ರಗಳು ಇವುಗಳಲ್ಲಿ ಜಗತ್ತಿಗೆಲ್ಲ ಪರಿಚಿತವಾದವು. ಧ್ವನಿ ಕೈಗೆ ಸಿಕ್ಕ ಮೇಲೂ ಬೇಕೆಂದೇ ಮಾತನ್ನು ಬಿಟ್ಟವು ಎರಡನೆಯ ಬಗೆಯವು. ಇವುಗಳ ಸಾಲಿನಲ್ಲಿ ಕನ್ನಡದ ‘ಪುಷ್ಪಕ ವಿಮಾನ’ಕ್ಕೆ (1987) ಎತ್ತರದ ಜಾಗವಿದೆ. ಹಳೆಯ ಬಿಜಾಪುರ ಜಿಲ್ಲೆಯಂಥ, ಒಂದೇ ಊರಿನಲ್ಲಿ ನಾಲ್ಕು ಭಾಷೆ ಕೇಳಿಬರುವ ಸೀಮೆಗೆ ಈ ಪ್ರಕಾರ ವಿಶೇಷವಾಗಿ ಒಗ್ಗುವಂಥದು. ಮೂಕಿ ಹಾಸ್ಯವನ್ನು ಧ್ವನಿಯ ತಂತ್ರ ಬರುವ ತನಕ ಹೇಗೋ ದಿನ ದೂಡಿದ ಅರೆಕಲೆಯೆಂದು ಬಗೆಯುವವರು ಈಗಲೂ ಇದ್ದಾರೆ. ಅದು ತಪ್ಪು ಎಣಿಕೆ. ಕಣ್ಣಿಗೆ ಕಾಣುವ ಕಾರಣ-ಪರಿಣಾಮಗಳ ಮೇಲೆ ನಿಂತ, ತನ್ನಷ್ಟಕ್ಕೆ ತಾನು ತುಂಬಿಕೊಂಡ ಕಲೆ ಅದು. ಕರ್ನಾಟಕದಲ್ಲಿ ಅದರ ಪೂರ್ಣರೂಪ ಕಾಣಿಸಿದ್ದು ಟಾಕಿ ಬಂದು ಐದು ದಶಕ ಕಳೆದ ಮೇಲೆ.

ಹುಟ್ಟು

ಫ್ರಾನ್ಸಿನ ಲೂಮಿಯೇರ್ ಸಹೋದರರು 1895ರಲ್ಲಿ ತೋರಿಸಿದ ಮೊದಮೊದಲ ಚಿತ್ರಗಳಲ್ಲಿ ಒಂದು ಹಾಸ್ಯದ್ದೇ. ಮಾಲಿ ತೋಟಕ್ಕೆ ಪೈಪಿನಿಂದ ನೀರು ಬಿಡುತ್ತಿರುತ್ತಾನೆ. ಹಿಂದಿನಿಂದ ಬಂದ ಹುಡುಗ ಪೈಪಿನ ಮೇಲೆ ಕಾಲಿಡುತ್ತಾನೆ. ನೀರು ನಿಂತಿತೇಕೆಂದು ಮಾಲಿ ಪೈಪಿನ ಬಾಯಿಗೆ ಕಣ್ಣಿಟ್ಟು ನೋಡುವಾಗ ಹುಡುಗ ಕಾಲು ತೆಗೆಯುತ್ತಾನೆ. ಒಂದು ನಿಮಿಷವೂ ಇಲ್ಲದ ಈ ತುಣುಕಿನಲ್ಲಿ ಮುಂದಿನ ಮೂವತ್ತೈದು ವರ್ಷಗಳ ಹಾಸ್ಯದ ಮೂಲಸೂತ್ರವಿದೆ: ನೋಡುಗನಿಗೆ ಗೊತ್ತಿರುವ ಸಂಗತಿ ಪಾತ್ರಕ್ಕೆ ಗೊತ್ತಿಲ್ಲ. ಅದನ್ನು ತಿಳಿಸಲು ಒಂದು ಮಾತೂ ಬೇಕಿಲ್ಲ.

ಅಮೆರಿಕದಲ್ಲಿ ಮ್ಯಾಕ್ ಸೆನೆಟ್ 1912ರಲ್ಲಿ ಕೀಸ್ಟೋನ್ ಕಂಪನಿ ಕಟ್ಟಿದ. ಓಡುವ ಪೊಲೀಸರು, ಕುಸಿಯುವ ಗೋಡೆ, ಮುಖಕ್ಕೆ ಬೀಳುವ ಕಡುಬು ಅವನ ಸರಕು. ಚಾರ್ಲಿ ಚಾಪ್ಲಿನ್ ಅಲ್ಲಿಗೆ ಬಂದದ್ದು ಇಂಗ್ಲೆಂಡಿನ ಫ್ರೆಡ್ ಕಾರ್ನೋ ನಾಟಕ ಮಂಡಳಿಯಿಂದ. 1914ರ ಫೆಬ್ರವರಿಯಲ್ಲಿ ತೆರೆಗೆ ಬಂದ ‘ಕಿಡ್ ಆಟೋ ರೇಸಸ್ ಅಟ್ ವೆನಿಸ್’ ಎಂಬ ಪುಟ್ಟ ಚಿತ್ರದಲ್ಲಿ ಅವನ ಅಲೆಮಾರಿಯ ವೇಷ ಜನರ ಕಣ್ಣಿಗೆ ಮೊದಲ ಸಲ ಬಿತ್ತು. ಮಕ್ಕಳ ಗಾಡಿ ಓಟವನ್ನು ಚಿತ್ರಿಸುತ್ತಿರುವ ಕ್ಯಾಮೆರಾದ ಮುಂದೆ ಒಬ್ಬ ಪದೇ ಪದೇ ಬಂದು ನಿಲ್ಲುತ್ತಾನೆ, ದಬ್ಬಿದರೂ ಮತ್ತೆ ಬರುತ್ತಾನೆ. ಕಥೆ ಇಷ್ಟೇ. ಎರಡೇ ವರ್ಷಗಳಲ್ಲಿ, 1916ರಲ್ಲಿ, ಮ್ಯೂಚುವಲ್ ಕಂಪನಿ ಅವನಿಗೆ ವರ್ಷಕ್ಕೆ 6,70,000 ಡಾಲರ್ ಕೊಡಲು ಒಪ್ಪಿತು. ಆ ಒಪ್ಪಂದದಲ್ಲಿ ಅವನು ಮಾಡಿಕೊಟ್ಟದ್ದು ಎರಡು ರೀಲಿನ 12 ಚಿತ್ರ. ಅವುಗಳಲ್ಲಿ ‘ಈಸಿ ಸ್ಟ್ರೀಟ್’, ‘ದಿ ಇಮಿಗ್ರಂಟ್’ (1917) ಇಂದಿಗೂ ಮಾಸಿಲ್ಲ. ಬಸ್ಟರ್ ಕೀಟನ್ ಬಾಲ್ಯದಿಂದಲೇ ತಂದೆ-ತಾಯಿಯ ಜೊತೆ ರಂಗದ ಮೇಲೆ ಬಿದ್ದು ಎದ್ದು ಬೆಳೆದವನು. ಹೆರಾಲ್ಡ್ ಲಾಯ್ಡ್ 1919ರಲ್ಲಿ ಹುಸಿಬಾಂಬೊಂದು ನಿಜವಾಗಿ ಸಿಡಿದು ಬಲಗೈಯ ಹೆಬ್ಬೆರಳು, ತೋರುಬೆರಳು ಕಳೆದುಕೊಂಡ. ಆ ಬಳಿಕ ಕೈಗವಸು ತೊಟ್ಟುಕೊಂಡೇ ಕಟ್ಟಡದ ಗಡಿಯಾರಕ್ಕೆ ಜೋತುಬಿದ್ದ (‘ಸೇಫ್ಟಿ ಲಾಸ್ಟ್’, 1923). ಇವರ ಹಾಸ್ಯ ಕಷ್ಟಪಟ್ಟು ದುಡಿದ ದೇಹಗಳಿಂದ ಬಂದದ್ದು ಎಂಬುದನ್ನು ನಗುವಾಗ ಮರೆಯಬಾರದು.

ಕೆಲಸದ ಬಗೆ

35 ಮಿ.ಮೀ. ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟುಗಳಿರುತ್ತವೆ. ಆ ಕಾಲದ ಕ್ಯಾಮೆರಾವನ್ನು ಹಿಡಿಕೆಯಿಂದ ಕೈಯಲ್ಲಿ ತಿರುಗಿಸಬೇಕಿತ್ತು. ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದರೆ 16 ಚೌಕಟ್ಟು, ಅಂದರೆ ಒಂದು ಅಡಿ, ಓಡುತ್ತಿತ್ತು. ಒಂದು ರೀಲಿನ ಉದ್ದ ಸುಮಾರು 1,000 ಅಡಿ. ತೋರಿಸಲು ಹದಿನಾರು ಹದಿನೇಳು ನಿಮಿಷ ಬೇಕು. ಟಾಕಿ ಬಂದ ಮೇಲೆ ವೇಗ ಸೆಕೆಂಡಿಗೆ 24 ಚೌಕಟ್ಟೆಂದು ನಿಗದಿಯಾಯಿತು. ಹಳೆಯ ಫಿಲ್ಮನ್ನು ಹೊಸ ಯಂತ್ರದಲ್ಲಿ ಓಡಿಸಿದಾಗ ಅದೇ ರೀಲು ಹನ್ನೊಂದು ನಿಮಿಷದಲ್ಲಿ ಮುಗಿಯತೊಡಗಿತು. ಮೂಕಿ ಚಿತ್ರದವರೆಲ್ಲ ಪಟಪಟನೆ ಗೊಂಬೆಗಳ ಹಾಗೆ ಓಡಾಡುತ್ತಾರೆಂಬ ಅಭಿಪ್ರಾಯ ಬಹುಮಟ್ಟಿಗೆ ಹುಟ್ಟಿದ್ದು ಈ ವ್ಯತ್ಯಾಸದಿಂದ. ಹಾಸ್ಯ ನಿರ್ದೇಶಕರು ಬೆನ್ನಟ್ಟುವ ದೃಶ್ಯಗಳಲ್ಲಿ ಬೇಕೆಂದೇ ಹಿಡಿಕೆಯನ್ನು ನಿಧಾನವಾಗಿ ತಿರುಗಿಸಿ ತೆರೆಯ ಮೇಲೆ ವೇಗ ಹೆಚ್ಚಿಸಿದ್ದೂ ಉಂಟು. ಆದರೆ ಅದು ಎಲ್ಲಿ, ಎಷ್ಟು ಎಂಬ ಲೆಕ್ಕ ಅವರ ಕೈಯಲ್ಲಿತ್ತು. ಸರಿಯಾದ ವೇಗದಲ್ಲಿ ನೋಡಿದರೆ ಚಾಪ್ಲಿನ್ನನ ನಡಿಗೆಯಲ್ಲಿ ನೃತ್ಯಗಾರನ ತಾಳ ಕಾಣುತ್ತದೆ.

ಈ ಚಿತ್ರಗಳ ಹೆಣಿಗೆ ಎಷ್ಟು ಬಿಗಿಯೆಂಬುದಕ್ಕೆ ಕೀಟನ್ನನ ‘ಒನ್ ವೀಕ್’ (1920) ಸಾಕ್ಷಿ. ಹೊಸದಾಗಿ ಮದುವೆಯಾದವರಿಗೆ ಬಿಡಿಭಾಗಗಳ ಪೆಟ್ಟಿಗೆಗಳ ರೂಪದಲ್ಲಿ ಒಂದು ಮನೆ ಉಡುಗೊರೆಯಾಗಿ ಬರುತ್ತದೆ. ಪೆಟ್ಟಿಗೆಗಳ ಮೇಲಿನ ಅಂಕಿಗಳ ಪ್ರಕಾರ ಜೋಡಿಸಿದರೆ ಮನೆ ಸಿದ್ಧ. ಹುಡುಗಿಯನ್ನು ಬಯಸಿ ಸೋತ ಒಬ್ಬ ಆ ಅಂಕಿಗಳನ್ನು ತಿದ್ದಿಬಿಡುತ್ತಾನೆ. ಎದ್ದು ನಿಂತ ಮನೆ ಸೊಟ್ಟ. ಬಾಗಿಲು ಇರಬೇಕಾದಲ್ಲಿ ಇಲ್ಲ. ಬಿರುಗಾಳಿಗೆ ಮನೆ ಬುಗುರಿಯಂತೆ ಸುತ್ತುತ್ತದೆ. ಇಷ್ಟೆಲ್ಲ ಆದ ಮೇಲೆ ತಾವು ಮನೆ ಕಟ್ಟಿದ್ದು ಬೇರೆಯವರ ಜಾಗದಲ್ಲಿ, ತಮ್ಮ ಜಾಗ ರೈಲು ಹಳಿಯ ಆಚೆಗಿದೆ ಎಂದು ತಿಳಿಯುತ್ತದೆ. ಎಳೆದುಕೊಂಡು ಹೋಗುವಾಗ ಮನೆ ಹಳಿಯ ಮೇಲೆ ಸಿಕ್ಕಿಬೀಳುತ್ತದೆ. ರೈಲು ಬರುತ್ತದೆ, ಗಂಡ-ಹೆಂಡತಿ ಕಣ್ಣು ಮುಚ್ಚಿಕೊಳ್ಳುತ್ತಾರೆ, ರೈಲು ಪಕ್ಕದ ಹಳಿಯ ಮೇಲೆ ಹಾದುಹೋಗುತ್ತದೆ. ಉಸಿರು ಬಿಡುವಷ್ಟರಲ್ಲಿ ಎದುರು ದಿಕ್ಕಿನಿಂದ ಇನ್ನೊಂದು ರೈಲು ಬಂದು ಮನೆಯನ್ನು ಪುಡಿಮಾಡುತ್ತದೆ. ಎರಡು ರೀಲಿನಲ್ಲಿ ಒಂದು ತಪ್ಪಿನಿಂದ ಇನ್ನೊಂದು, ಅದರಿಂದ ಮತ್ತೊಂದು ಹುಟ್ಟುತ್ತ ಹೋಗುತ್ತದೆ. ಎಲ್ಲಿಯೂ ಯಾರೂ ಏನನ್ನೂ ವಿವರಿಸಬೇಕಾಗುವುದಿಲ್ಲ. ಮನೆ ಕಟ್ಟಿ ಕೈಸುಟ್ಟುಕೊಂಡ ಯಾವ ಊರಿನ ಸಂಸಾರಸ್ಥನಿಗಾದರೂ ಇದು ಅರ್ಥವಾಗುತ್ತದೆ.

ಮುಂಬೈ ಪ್ರಾಂತ್ಯದಲ್ಲಿ, ಬಿಜಾಪುರ ಸೀಮೆಯಲ್ಲಿ

ಭಾರತಕ್ಕೆ ಸಿನಿಮಾ ಬಂದದ್ದು ಮುಂಬೈ ಮೂಲಕ, 1896ರ ಜುಲೈ 7ರಂದು ವಾಟ್ಸನ್ ಹೋಟೆಲಿನಲ್ಲಿ. ಬಿಜಾಪುರ (ಈಗಿನ ವಿಜಯಪುರ) ಆಗ ಮುಂಬೈ ಪ್ರಾಂತ್ಯದ ಜಿಲ್ಲೆ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ತನಕ ಹಾಗೆಯೇ ಇತ್ತು. ಹುಟಗಿ-ಗದಗ ರೈಲುಮಾರ್ಗ ಅದನ್ನು ಸೊಲ್ಲಾಪುರದ ಕಡೆಗೂ ಅಲ್ಲಿಂದ ಮುಂಬೈಗೂ ಜೋಡಿಸಿತ್ತು. ಹೀಗಾಗಿ ಈ ಭಾಗದ ಸಿನಿಮಾ ಚರಿತ್ರೆಯನ್ನು ಬೆಂಗಳೂರಿನಿಂದ ಆರಂಭಿಸುವುದು ಸರಿಹೋಗುವುದಿಲ್ಲ. ಅದರ ಮುಖ ಮೊದಲಿನಿಂದಲೂ ಮುಂಬೈ, ಪುಣೆ, ಕೊಲ್ಲಾಪುರಗಳ ಕಡೆಗಿತ್ತು.

ದಾದಾಸಾಹೇಬ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಮುಂಬೈಯ ಕೊರೊನೇಷನ್ ಚಿತ್ರಮಂದಿರದಲ್ಲಿ ಬಿಡುಗಡೆಯಾದಾಗ ಜೊತೆಗೆ ನೃತ್ಯ, ನಗೆಪ್ರಸಂಗ, ಕಾಲಿನ ಕಸರತ್ತುಗಳನ್ನೂ ಸೇರಿಸಿದ್ದರು. ಬರೀ ಸಿನಿಮಾ ನೋಡಲು ಜನ ಬರುತ್ತಾರೆಂಬ ಧೈರ್ಯ ಇನ್ನೂ ಬಂದಿರಲಿಲ್ಲ. ಮರುವರ್ಷ ‘ಮೋಹಿನಿ ಭಸ್ಮಾಸುರ’ದ ಜೊತೆ ಫಾಲ್ಕೆ ತೋರಿಸಿದ್ದು ತಾವೇ ತಯಾರಿಸಿದ ‘ಪಿಠಾಚೆ ಪಂಜೆ’ ಎಂಬ ಕಿರು ಹಾಸ್ಯಚಿತ್ರವನ್ನು. ಚಾಪ್ಲಿನ್ ಅಲೆಮಾರಿಯ ವೇಷ ತೊಟ್ಟ 1914ರಲ್ಲೇ ನಮ್ಮಲ್ಲೂ ಮೂಕಿ ಹಾಸ್ಯಚಿತ್ರ ತಯಾರಾಗಿತ್ತೆಂಬುದು ನೆನಪಿಡಬೇಕಾದ ಸಂಗತಿ. ಪುರಾಣಚಿತ್ರಗಳ ಪಿತಾಮಹನೆಂದಷ್ಟೇ ಫಾಲ್ಕೆಯವರನ್ನು ಪಾಠಪುಸ್ತಕಗಳು ಪರಿಚಯಿಸುತ್ತ ಬಂದದ್ದರಿಂದ ಈ ಮುಖ ಮರೆಗೆ ಸರಿದಿದೆ. ಬೆಂಕಿಕಡ್ಡಿಗಳನ್ನು ಕುಣಿಸಿದ ‘ಆಗಕಾಡ್ಯಾಂಚಿ ಮೌಜ್’ (1915) ಕೂಡ ಅವರದೇ. ಬಂಗಾಳದಲ್ಲಿ ಧೀರೇಂದ್ರನಾಥ ಗಂಗೂಲಿಯವರು ವಿಲಾಯಿತಿಯಿಂದ ಮರಳಿದವನನ್ನು ಕುರಿತ ‘ಬಿಲಾತ್ ಫೆರತ್’ (1921) ತೆಗೆದರು. ಆದರೂ 1920ರ ದಶಕದಲ್ಲಿ ದೇಶದ ಚಿತ್ರಮಂದಿರಗಳಲ್ಲಿ ಓಡುತ್ತಿದ್ದ ಚಿತ್ರಗಳಲ್ಲಿ ಬಹುಪಾಲು ಅಮೆರಿಕದವೇ. ಟಿ. ರಂಗಾಚಾರಿಯರ್ ಅಧ್ಯಕ್ಷತೆಯಲ್ಲಿ ಸರ್ಕಾರ 1927ರಲ್ಲಿ ಸಿನಿಮಾ ವಿಚಾರಣಾ ಸಮಿತಿಯನ್ನು ನೇಮಿಸಿದ್ದರ ಹಿಂದೆ ಈ ಕಾರಣವೂ ಇತ್ತು.

ಬೆಳಕು, ಪರದೆ, ನಗೆ ಮೂರೂ ಕೂಡಿದ ಆಟ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೊಸದಾಗಿರಲಿಲ್ಲ. ಬಿಳಿಯ ಪರದೆಯ ಹಿಂದೆ ದೀಪವಿಟ್ಟು ತೊಗಲಿನ ಗೊಂಬೆಗಳನ್ನು ಆಡಿಸುವ ಕಿಳ್ಳೇಕ್ಯಾತರ ಆಟದಲ್ಲಿ ರಾಮಾಯಣದ ನಡುವೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಬಂದು ಜನರನ್ನು ನಗಿಸಿ ಹೋಗುತ್ತಾರೆ. ವಿಕಾರವಾದ ಮೈ, ಎಲ್ಲೆಂದರಲ್ಲಿ ಬಾಗುವ ಕೈಕಾಲು, ಗುದ್ದಾಟ ಇವರ ಬಂಡವಾಳ. ಅವರಿಗೆ ಮಾತೂ ಇದೆ, ಅದೂ ಸಾಕಷ್ಟು ಖಾರವಾಗಿ. ಆದರೆ ನಗೆಯ ಮೊದಲ ಅಲೆ ಏಳುವುದು ಆ ನೆರಳು ಪರದೆಗೆ ಬಂದು ತಾಕಿದ ಕ್ಷಣದಲ್ಲೇ.

ಮೂಕಿ ಚಿತ್ರಗಳ ನಡುವೆ ಕಥೆಯನ್ನೂ ಮಾತನ್ನೂ ತಿಳಿಸುವ ಬರಹದ ಕಾರ್ಡುಗಳು ಬರುತ್ತಿದ್ದವು. ಭಾರತದಲ್ಲಿ ಒಂದೇ ಕಾರ್ಡಿನಲ್ಲಿ ಎರಡು, ಮೂರು ಭಾಷೆ ಇರುವುದು ರೂಢಿ: ಇಂಗ್ಲಿಷ್, ಹಿಂದಿ, ಗುಜರಾತಿ, ಉರ್ದು. ಓದು ಬಾರದವರಿಗಾಗಿ ಯಾರಾದರೂ ಗಟ್ಟಿಯಾಗಿ ಓದಿ ಹೇಳಬೇಕಿತ್ತು. ಪಕ್ಕದಲ್ಲಿ ಹಾರ್ಮೋನಿಯಂ, ತಬಲ ನುಡಿಯುತ್ತಿದ್ದವು. ಕನ್ನಡ, ದಖನಿ ಉರ್ದು, ಮರಾಠಿ, ತಾಂಡಾಗಳ ಲಂಬಾಣಿ ಹೀಗೆ ನಾಲ್ಕು ನುಡಿಗಳ ಜನ ಒಂದೇ ಸಂತೆಯಲ್ಲಿ ಸೇರುವ ಬಿಜಾಪುರ, ತಿಕೋಟಾ, ಬಬಲೇಶ್ವರಗಳ ಸೀಮೆಯಲ್ಲಿ ಯಾವ ಭಾಷೆಯ ಕಾರ್ಡು ಹಾಕಿದರೂ ಅರ್ಧ ಜನಕ್ಕೆ ಅದು ಹೊರಗಿನದೇ. ಪುರಾಣಚಿತ್ರವಾದರೆ ಕಥೆ ಮೊದಲೇ ಗೊತ್ತು, ಹೇಗೋ ನಡೆಯುತ್ತದೆ. ಸಾಮಾಜಿಕ ಕಥೆಗೆ ಕಾರ್ಡು ಬೇಕೇ ಬೇಕು. ಕಿರು ಹಾಸ್ಯಚಿತ್ರಕ್ಕೆ ಮಾತ್ರ ಎರಡೂ ಬೇಡ. ಅಮೆರಿಕಕ್ಕೆ ಹೊಸದಾಗಿ ಬಂದಿಳಿದ, ಇಂಗ್ಲಿಷ್ ಬಾರದ ಕೂಲಿಕಾರರು ಐದು ಸೆಂಟು ಕೊಟ್ಟು ನೋಡುತ್ತಿದ್ದ ಚಿತ್ರಗಳು ಕಡಲು ದಾಟಿ ಇಲ್ಲಿಯೂ ಸಲ್ಲುವಂತಾದದ್ದು ಈ ಗುಣದಿಂದ.

ಈಗ ತಾಲ್ಲೂಕು ಕೇಂದ್ರಗಳಾಗಿರುವ ತಿಕೋಟಾ, ಬಬಲೇಶ್ವರಗಳಂಥ ಊರಿನವರಿಗೆ ಬಹುಕಾಲ ‘ಪಿಚ್ಚರ್’ ಎಂದರೆ ಶಹರಕ್ಕೆ ಹೋಗಿ ನೋಡುವ ಸಂಗತಿ, ಇಲ್ಲವೆ ಜಾತ್ರೆಯ ಟೆಂಟು. ಸಂಕ್ರಾಂತಿಗೆ ನಡೆಯುವ ವಿಜಯಪುರದ ಸಿದ್ಧೇಶ್ವರ ಜಾತ್ರೆ ಎತ್ತುಗಳ ವ್ಯಾಪಾರಕ್ಕೆ ಹೆಸರಾದದ್ದು. ವ್ಯಾಪಾರ ಮುಗಿಸಿದವರು ರಾತ್ರಿ ಆಟ ನೋಡದೆ ಊರಿಗೆ ಮರಳುತ್ತಿರಲಿಲ್ಲ.

ಬೆಂಗಳೂರಿನ ಮೂಕಿಗಳು

ಹಳೆಯ ಮೈಸೂರಿನಲ್ಲಿ ಮೂಕಿಯ ಬಾಳು ಗಿಡ್ಡದು. 1929ರ ಸುಮಾರಿಗೆ ಹರಿಭಾಯಿ ದೇಸಾಯಿ ಮತ್ತು ಭೋಗಿಲಾಲ್ ದವೆ ಬೆಂಗಳೂರಿನಲ್ಲಿ ಸೂರ್ಯ ಫಿಲ್ಮ್ ಕಂಪನಿ ನಡೆಸಿ ಸಾಹಸಚಿತ್ರಗಳನ್ನು ತೆಗೆದರು. ಮೋಹನ್ ಭಾವನಾನಿಯವರ ‘ವಸಂತಸೇನಾ’ದಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯ, ಟಿ.ಪಿ. ಕೈಲಾಸಂ ನಟಿಸಿದರು. ಕನ್ನಡದ ಮಾತಿಗೆ ಹೊಸ ನಗೆ ಕೊಟ್ಟ ಕೈಲಾಸಂ ತೆರೆಯ ಮೇಲೆ ಬಂದದ್ದು ಮಾತಿಲ್ಲದ ಚಿತ್ರದಲ್ಲಿ!

ಇವರೆಲ್ಲರಿಗಿಂತ ನಮ್ಮ ವಿಷಯಕ್ಕೆ ಹತ್ತಿರದವರು ಗುಬ್ಬಿ ವೀರಣ್ಣ. ದೇವುಡು ನರಸಿಂಹಶಾಸ್ತ್ರಿಗಳನ್ನು ಜೊತೆಗೂಡಿಸಿಕೊಂಡು ಅವರು ಚಿತ್ರ ತಯಾರಿಕೆಗೆ ಇಳಿದು ‘ಹಿಸ್ ಲವ್ ಅಫೇರ್’, ವೈ.ವಿ. ರಾವ್ ನಿರ್ದೇಶನದ ‘ಹರಿಮಾಯಾ’ ಮುಂತಾದ ಮೂಕಿಗಳನ್ನು ತೆಗೆದರು. ವೀರಣ್ಣನವರು ಮೂಲತಃ ಹಾಸ್ಯನಟರು. ‘ಸದಾರಮೆ’ ನಾಟಕದಲ್ಲಿ ಅವರ ಕಳ್ಳನ ಪಾತ್ರ ನೋಡಲೆಂದೇ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಊರೂರು ತಿರುಗುವ ಮಂಡಳಿಯಲ್ಲಿ ಬೆಳೆದು, ಯಾವ ಸಭೆ ಎಲ್ಲಿ ನಗುತ್ತದೆಂದು ಮೈಯಿಂದ ಅರಿತ ನಟ ಸಿನಿಮಾಕ್ಕೆ ಬಂದದ್ದು ಚಾಪ್ಲಿನ್, ಕೀಟನ್ನರ ಕಥೆಯೂ ಹೌದು, ವೀರಣ್ಣನವರ ಕಥೆಯೂ ಹೌದು. ವ್ಯತ್ಯಾಸವೆಂದರೆ ಕಾಲ. ಚಾಪ್ಲಿನ್ನನಿಗೆ ಮೂಕಿಯ ಯುಗ ಇನ್ನೂ ಹದಿನೈದು ವರ್ಷ ಬಾಕಿಯಿತ್ತು. ವೀರಣ್ಣನವರು ಕ್ಯಾಮೆರಾ ಹಿಡಿದಾಗ ಅದರ ಬಾಗಿಲು ಮುಚ್ಚುತ್ತಿತ್ತು: 1931ರಲ್ಲೇ ಮುಂಬೈಯಲ್ಲಿ ‘ಆಲಂ ಆರಾ’ ಮಾತಾಡಿತ್ತು. ಇನ್ನೊಂದು ಹತ್ತು ವರ್ಷ ಮೊದಲು ಅವರು ಇದಕ್ಕೆ ಕೈಹಾಕಿದ್ದರೆ ಕನ್ನಡ ನಾಡಿಗೆ ತನ್ನದೇ ಮೂಕಿ ಹಾಸ್ಯದ ಪರಂಪರೆಯೊಂದು ಸಿಗುತ್ತಿತ್ತೆಂದು ನಂಬಲು ಕಾರಣವಿದೆ. ಅವರ ಕಳ್ಳ 1935ರಲ್ಲಿ ತೆರೆಗೆ ಬಂದದ್ದು ‘ಸದಾರಮೆ’ ಟಾಕಿಯಲ್ಲಿ, ಮಾತಿನ ಸಮೇತ.

ಧ್ವನಿ ಬಂದಾಗ

ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಚಿತ್ರೀಕರಣ ನಡೆದದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ನಿರ್ದೇಶಕರು ‘ಹರಿಮಾಯಾ’ದ ವೈ.ವಿ. ರಾವ್ ಅವರೇ. ಟಾಕಿಯ ಆರಂಭದ ಯಂತ್ರಗಳು ಕ್ಯಾಮೆರಾವನ್ನೂ ನಟರನ್ನೂ ಮೈಕಿಗೆ ಕಟ್ಟಿಹಾಕಿದವು. ಓಡಿ, ಜಿಗಿದು, ಬಿದ್ದು ನಗಿಸುವ ಕಲೆಗೆ ಜಗತ್ತಿನೆಲ್ಲೆಡೆ ಪೆಟ್ಟು ಬಿತ್ತು. ಚಾಪ್ಲಿನ್ ಒಬ್ಬ ‘ಸಿಟಿ ಲೈಟ್ಸ್’ (1931), ‘ಮಾಡರ್ನ್ ಟೈಮ್ಸ್’ (1936) ಚಿತ್ರಗಳಲ್ಲಿ ಹಟ ಹಿಡಿದು ಮಾತನ್ನು ದೂರವಿಟ್ಟ.

ಆದರೆ ಧ್ವನಿ ಕಸಿದುಕೊಂಡದ್ದನ್ನಷ್ಟೇ ಬರೆದು ನಿಲ್ಲಿಸಿದರೆ ಬಿಜಾಪುರದ ಮಟ್ಟಿಗೆ ಅನ್ಯಾಯವಾಗುತ್ತದೆ. ಆಗಿನ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ ಅವರನ್ನು ದೇಶಕ್ಕೆ ಕೊಟ್ಟದ್ದು ಟಾಕಿ. ‘ಕಿಸ್ಮತ್’ (1943) ಚಿತ್ರದ ಹಾಡುಗಳಿಂದ ಅವರ ಕಂಠ ಮನೆಮಾತಾಯಿತು. ಅಕ್ಕ ಗೋಹರ್‌ಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ಹಾಡಿ ನಟಿಸಿದವರು. ಅಮೀರ್‌ಬಾಯಿ 1965ರಲ್ಲಿ ತೀರಿಕೊಂಡರು. ವಿಜಯಪುರದಲ್ಲಿ ಅವರ ಕುಟುಂಬದ ಅಮೀರ್ ಟಾಕೀಸ್ ಆ ಹೆಸರನ್ನು ಊರಿನ ನಾಲಿಗೆಯ ಮೇಲೆ ಉಳಿಸಿತು. ಮೂಕಿ ಚಿತ್ರಗಳ ಯುಗವೇ ಮುಂದುವರಿದಿದ್ದರೆ ಆ ದನಿ ನಮಗೆ ಸಿಗುತ್ತಲೇ ಇರಲಿಲ್ಲ. ನಗೆಯ ಒಂದು ಬಗೆ ಹೋಯಿತು, ಹಾಡಿನ ಒಂದು ಲೋಕ ಬಂತು, ಎರಡೂ ನಿಜ.

ಉತ್ತರ ಕರ್ನಾಟಕದ ನಗೆ ಸ್ವಭಾವತಃ ನಾಲಿಗೆಯ ನಗೆ. ಕಂಪನಿ ನಾಟಕಗಳಲ್ಲಿ ಜನ ಕಾಯುತ್ತಿದ್ದುದು ಎದುರೇಟಿನ ಮಾತಿಗೆ. ಆಗಿನ ಬಿಜಾಪುರ ಜಿಲ್ಲೆಯದೇ ಆದ ಹುನಗುಂದ ಕಡೆಯ ಪಿ.ಬಿ. ಧುತ್ತರಗಿಯವರ ನಾಟಕಗಳ ಬಲ ಅವುಗಳ ಸಂಭಾಷಣೆಯಲ್ಲಿತ್ತು. ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಸಿನಿಮಾ ಆದಾಗಲೂ ಆ ಬಲ ಕುಗ್ಗಲಿಲ್ಲ. ಇಂಥ ನೆಲದಲ್ಲಿ ಮಾತಿಲ್ಲದ ಹಾಸ್ಯ ತಾನಾಗಿ ಬೆಳೆಯುವುದು ಕಷ್ಟವೇ. ಆದರೂ ಕನ್ನಡದ ದೊಡ್ಡ ಹಾಸ್ಯನಟರಿಬ್ಬರಲ್ಲಿ ಮೂಕಿಯ ಗುಣ ಉಳಿದುಬಂತು. ‘ಬೇಡರ ಕಣ್ಣಪ್ಪ’ದಿಂದ (1954) ಹೆಸರಾದ ನರಸಿಂಹರಾಜು ಬಾಯಿ ತೆರೆಯುವ ಮೊದಲೇ, ಉಬ್ಬುಹಲ್ಲು, ಸಣಕಲು ಮೈಯ ಒಂದು ಅಲುಗಾಟದಲ್ಲೇ ಚಿತ್ರಮಂದಿರವನ್ನು ನಗಿಸುತ್ತಿದ್ದರು. ಟಿ.ಎನ್. ಬಾಲಕೃಷ್ಣ ಅವರ ಸಂಗತಿ ಇನ್ನೂ ಆಳವಾದದ್ದು. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿಯ ಚಲನೆ ನೋಡಿ ತಮ್ಮ ಮಾತಿನ ಸಮಯ ಹಿಡಿಯುತ್ತಿದ್ದರು. ಟಾಕಿ ಯುಗದ ನಡುವೆ ಒಬ್ಬ ನಟ ತನ್ನ ಮಟ್ಟಿಗೆ ಮೂಕಿ ಚಿತ್ರದಲ್ಲಿ ಬಾಳಿ ಲಕ್ಷಾಂತರ ಜನರನ್ನು ನಗಿಸಿದನೆಂಬುದು ಕನ್ನಡ ಚಿತ್ರರಂಗದ ದೊಡ್ಡ ಸಾಧನೆಗಳಲ್ಲೊಂದು. ಅವರ ಹಾಸ್ಯದ ಕಾಲಪ್ರಜ್ಞೆಯನ್ನು ಕುರಿತು ಇನ್ನೂ ಸರಿಯಾದ ಅಧ್ಯಯನ ಆಗಬೇಕಾಗಿದೆ.

‘ಪುಷ್ಪಕ ವಿಮಾನ’

ಸಿಂಗೀತಂ ಶ್ರೀನಿವಾಸರಾವ್ ತೆಲುಗಿನ ಕೆ.ವಿ. ರೆಡ್ಡಿಯವರ ಬಳಿ ಪಳಗಿದವರು. ಕನ್ನಡದಲ್ಲಿ ‘ಸಂಸ್ಕಾರ’ದ (1970) ತಯಾರಿಕೆಯಲ್ಲಿ ಕೈಜೋಡಿಸಿ, ಮುಂದೆ ‘ಹಾಲು ಜೇನು’, ‘ಚಲಿಸುವ ಮೋಡಗಳು’, ‘ಆನಂದ್’ ನಿರ್ದೇಶಿಸಿದವರು. ಒಂದೂ ಮಾತಿಲ್ಲದೆ ಎರಡು ತಾಸಿಗೂ ಮಿಕ್ಕಿದ ಚಿತ್ರ ಮಾಡುತ್ತೇನೆಂದಾಗ ಹಣ ಹೂಡಲು ಮುಂದೆ ಬಂದವರು ಶೃಂಗಾರ್ ನಾಗರಾಜ್. ಕಮಲ ಹಾಸನ್, ಅಮಲಾ ಮುಖ್ಯಪಾತ್ರದಲ್ಲಿ, ಛಾಯಾಗ್ರಹಣ ಬಿ.ಸಿ. ಗೌರೀಶಂಕರ್, ಸಂಗೀತ ಎಲ್. ವೈದ್ಯನಾಥನ್. ಚಿತ್ರೀಕರಣ ಬೆಂಗಳೂರಿನಲ್ಲಿ, ಅದರಲ್ಲೂ ವಿಂಡ್ಸರ್ ಮ್ಯಾನರ್ ಹೋಟೆಲಿನಲ್ಲಿ. 1987ರ ನವೆಂಬರಿನಲ್ಲಿ ಬಿಡುಗಡೆಯಾಯಿತು. ತಮಿಳಿಗೆ ‘ಪೇಸುಂ ಪಡಂ’, ಹಿಂದಿಗೆ ‘ಪುಷ್ಪಕ್’ ಎಂದು ಹೆಸರು ಬದಲಿಸಿದರೆ ಸಾಕಿತ್ತು. ಡಬ್ಬಿಂಗ್ ಮಾಡಲು ಅಲ್ಲಿ ಏನೂ ಇರಲಿಲ್ಲ. ಆರೋಗ್ಯಕರ ಮನರಂಜನೆ ನೀಡುವ ಅತ್ಯುತ್ತಮ ಜನಪ್ರಿಯ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು.

ಕಥೆಯ ಯಾವ ಪಾತ್ರಕ್ಕೂ ಹೆಸರಿಲ್ಲ. ಓದಿದ, ಕೆಲಸವಿಲ್ಲದ ತರುಣ ಗಿಜಿಗುಡುವ ವಠಾರದ ಮೇಲಿನ ಕೋಣೆಯಲ್ಲಿದ್ದಾನೆ. ಕುಡಿದು ರಸ್ತೆಯಲ್ಲಿ ಬಿದ್ದ ಧನಿಕನೊಬ್ಬ (ಸಮೀರ್ ಖಕ್ಕರ್) ಸಿಗುತ್ತಾನೆ. ಜೇಬಿನಲ್ಲಿ ದೊಡ್ಡ ಹೋಟೆಲಿನ ಕೋಣೆಯ ಕೀಲಿ. ತರುಣ ಅವನನ್ನು ತನ್ನ ಕೋಣೆಯಲ್ಲಿ ಕಟ್ಟಿಹಾಕಿ ತಾನು ಹೋಟೆಲಿಗೆ ಹೋಗಿ ಅವನ ಬಾಳು ಬಾಳತೊಡಗುತ್ತಾನೆ. ಅಲ್ಲಿ ಇಂದ್ರಜಾಲದವನ ಮಗಳ ಮೇಲೆ ಪ್ರೀತಿ ಹುಟ್ಟುತ್ತದೆ. ಇತ್ತ ಧನಿಕನ ಹೆಂಡತಿಯ ಪ್ರಿಯಕರ ಗೊತ್ತುಮಾಡಿದ ಕೊಲೆಗಾರ (ಟಿನು ಆನಂದ್), ಕೋಣೆಯಲ್ಲಿರುವವನೇ ಧನಿಕನೆಂದು ತಿಳಿದು ಅವನ ಬೆನ್ನು ಹತ್ತುತ್ತಾನೆ. ಕೊಲೆಗಾರನ ಆಯುಧ ಬರ್ಫದ ಚಾಕು. ಚುಚ್ಚಿದ ಮೇಲೆ ಕರಗಿ ಸಾಕ್ಷಿ ಉಳಿಯಬಾರದೆಂಬ ಲೆಕ್ಕ. ಸರಿಯಾದ ಗಳಿಗೆ ಕಾಯುವಷ್ಟರಲ್ಲಿ ಕೈಯಲ್ಲೇ ಕರಗುತ್ತದೆ. ಮಾತಿನಲ್ಲಿ ಹೇಳಿದರೆ ಇದು ಒಂದು ಯುಕ್ತಿ ಅಷ್ಟೆ. ತೆರೆಯ ಮೇಲೆ ಹನಿ ಹನಿಯಾಗಿ ತೊಟ್ಟಿಕ್ಕುವ ಆಯುಧ ನೋಡಿದಾಗ ಭಯವೂ ನಗೆಯೂ ಒಟ್ಟಿಗೆ ಬರುತ್ತವೆ. ಕೀಟನ್ನನ ರೈಲಿನಲ್ಲಿ ಇದ್ದದ್ದು ಇದೇ ಗುಣ.

ಈ ಚಿತ್ರದ ಹಿರಿಮೆ ಇರುವುದು ಧ್ವನಿಯನ್ನು ಅದು ಬಳಸಿದ ರೀತಿಯಲ್ಲಿ. ವಠಾರದ ಪಕ್ಕದಲ್ಲೇ ಸಿನಿಮಾ ಮಂದಿರ. ಅಲ್ಲಿಂದ ತೂರಿಬರುವ ಹೊಡೆದಾಟದ ಗದ್ದಲದಲ್ಲಿ ಮಲಗಿ ಅಭ್ಯಾಸವಾದ ತರುಣನಿಗೆ ಐಷಾರಾಮಿ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಬರುವುದಿಲ್ಲ. ಕೊನೆಗೆ ಆ ಗದ್ದಲವನ್ನು ಟೇಪಿನಲ್ಲಿ ಹಿಡಿದುತಂದು ಹಾಕಿಕೊಂಡು ಮಲಗುತ್ತಾನೆ. ಬಡವನ ಬದುಕಿನಲ್ಲಿ ಸದ್ದು ಹೇಗೆ ಬೆರೆತಿರುತ್ತದೆಂದು ಇಷ್ಟು ಚೊಕ್ಕವಾಗಿ ತೋರಿಸಿದ ಸಂಭಾಷಣೆ ಕನ್ನಡದಲ್ಲಿ ಕಾಣೆ. 1920ರ ಮೂಕಿಗೆ ಇದು ಸಾಧ್ಯವೇ ಇರಲಿಲ್ಲ. ಅದಕ್ಕೆ ಸದ್ದೇ ಇರಲಿಲ್ಲವಲ್ಲ. ಹೀಗಾಗಿ ‘ಪುಷ್ಪಕ ವಿಮಾನ’ವನ್ನು ಹಳೆಯ ಮೂಕಿಗೆ ಸಲ್ಲಿಸಿದ ಕಾಣಿಕೆಯೆಂದು ಕರೆದು ಕೈತೊಳೆದುಕೊಳ್ಳುವುದು ಅದರ ತೂಕವನ್ನು ಇಳಿಸಿದಂತೆ. ಬಾಗಿಲು, ಗಂಟೆ, ಗಾಜು, ಕೆಮ್ಮು, ಜನಜಂಗುಳಿ ಎಲ್ಲವೂ ಅಲ್ಲಿ ಸದ್ದು ಮಾಡುತ್ತವೆ. ಮನುಷ್ಯರ ಮಾತಷ್ಟೇ ಇಲ್ಲ. ದೂರದ ಕಿಟಕಿಗಳು, ಗದ್ದಲದ ಬೀದಿ, ಗಾಜಿನ ಗೋಡೆ ಹೀಗೆ ಮಾತು ಕೇಳಿಸಲಾರದ, ಇಲ್ಲವೆ ಬೇಕಾಗದ ಜಾಗಗಳಲ್ಲೇ ನಿರ್ದೇಶಕರು ಪಾತ್ರಗಳನ್ನು ಜಾಣತನದಿಂದ ನಿಲ್ಲಿಸಿದ್ದಾರೆ. ಒಂದೆರಡು ಕಡೆ ಇಬ್ಬರು ಎದುರುಬದುರು ನಿಂತೂ ಸುಮ್ಮನಿರುವುದು ಕೃತಕವೆನಿಸುತ್ತದೆ ಎಂಬುದೂ ನಿಜ.

ಬೀದಿಬದಿಯ ಭಿಕ್ಷುಕನ (ಪಿ.ಎಲ್. ನಾರಾಯಣ) ಪ್ರಸಂಗ ನಗೆಯಿಂದ ಆರಂಭವಾಗುತ್ತದೆ. ಕೆಲಸವಿಲ್ಲದ ತರುಣ ನಾಣ್ಯ ತೋರಿಸಿ ಮೆರೆದರೆ ಭಿಕ್ಷುಕ ತನ್ನ ನೋಟುಗಳನ್ನು ತೋರಿಸುತ್ತಾನೆ. ಅವನು ಸತ್ತ ದಿನ ಅಡಗಿಸಿಟ್ಟ ಹಣಕ್ಕೆ ಜನ ಮುಗಿಬೀಳುತ್ತಾರೆ, ಹೆಣ ಅನಾಥವಾಗಿ ಬಿದ್ದಿರುತ್ತದೆ. ತರುಣನ ಮನಸ್ಸು ತಿರುಗುವುದು ಇಲ್ಲಿ. ಧನಿಕನನ್ನು ಬಿಡಿಸಿ, ಹುಡುಗಿಗೆ ನಿಜ ತಿಳಿಸುತ್ತಾನೆ. ಅವಳು ಊರು ಬಿಡುವಾಗ ವಿಳಾಸದ ಚೀಟಿ ಸುತ್ತಿದ ಗುಲಾಬಿಯನ್ನು ಕಾರಿನಿಂದ ಎಸೆಯುತ್ತಾಳೆ. ಚೀಟಿ ಗಾಳಿಗೆ ಹಾರಿ ಚರಂಡಿ ಸೇರುತ್ತದೆ. ಹೂವು ಮಾತ್ರ ಅವನ ಕೈಯಲ್ಲಿ. ಅವನು ಮತ್ತೆ ಕೆಲಸಕ್ಕಾಗಿ ಕಾಯುವವರ ಉದ್ದನೆಯ ಸಾಲಿನಲ್ಲಿ ನಿಲ್ಲುತ್ತಾನೆ. ಹಿಂದಿನ ವರ್ಷವಷ್ಟೇ ತಮಿಳಿನ ‘ಪುನ್ನಗೈ ಮನ್ನನ್’ನಲ್ಲಿ ಚಾಪ್ಲಿನ್ ವೇಷ ತೊಟ್ಟಿದ್ದ ಕಮಲ ಹಾಸನ್ ಇಲ್ಲಿ ಟೋಪಿ, ಬೆತ್ತ, ಮೀಸೆ ಯಾವುದನ್ನೂ ಮುಟ್ಟಿಲ್ಲ. ಚಾಪ್ಲಿನ್ನನ ಹೊರವೇಷ ಬಿಟ್ಟು ಒಳಗನ್ನು ಹಿಡಿದದ್ದರಿಂದಲೇ ಈ ಪಾತ್ರ ಬೆಂಗಳೂರಿನ ಬೀದಿಯದಾಯಿತು.

ಆಮೇಲೆ

ಇಷ್ಟು ಗೆದ್ದ ಪ್ರಯೋಗವನ್ನು ಕನ್ನಡ ಚಿತ್ರರಂಗ ಅದೇ ಎತ್ತರದಲ್ಲಿ ಮುಂದುವರಿಸಲಿಲ್ಲ. ಚಾಪ್ಲಿನ್ನನ ಹೆಸರು ಮಾತ್ರ ಆಗಾಗ ಸುದ್ದಿಯಾಗುತ್ತ ಬಂತು. 2009ರಲ್ಲಿ ಬೈಂದೂರಿನ ಒತ್ತಿನೆಣೆಯ ಕಡಲ ದಂಡೆಯಲ್ಲಿ ಸಿನಿಮಾವೊಂದಕ್ಕಾಗಿ ಅವನದೊಂದು ಎತ್ತರದ ಪ್ರತಿಮೆ ನಿಲ್ಲಿಸಲು ಹೊರಟಾಗ, ದೇವಸ್ಥಾನದ ಬಳಿ ಬೇಡವೆಂಬ ವಿರೋಧ ಎದ್ದು ಕೆಲಸ ನಿಂತಿತು. ಕಾಸರಗೋಡಿನ ಕಿರಣ್‌ರಾಜ್ ಕೆ. ನಿರ್ದೇಶಿಸಿದ ‘777 ಚಾರ್ಲಿ’ಯಲ್ಲಿ (2022) ಒಂಟಿ ಬದುಕಿನ ನಾಯಕ ನೋಡುವುದು ಚಾಪ್ಲಿನ್ ಚಿತ್ರಗಳನ್ನು, ಮನೆಗೆ ಬಂದ ನಾಯಿಗೆ ಹೆಸರು ಸಿಕ್ಕಿದ್ದು ಅಲ್ಲಿಂದ.

ಮೂಕಿ ಕಾಲದ ಫಿಲ್ಮು ನೈಟ್ರೇಟಿನದು. ಬೇಗ ಹೊತ್ತಿಕೊಳ್ಳುತ್ತದೆ, ಹೊತ್ತಿಕೊಳ್ಳದಿದ್ದರೆ ಕೊಳೆಯುತ್ತದೆ. ಅಮೆರಿಕದ ಪೂರ್ಣಾವಧಿ ಮೂಕಿಗಳಲ್ಲಿ ಸುಮಾರು ಶೇಕಡ 70 ಕಳೆದುಹೋಗಿವೆಯೆಂದು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ವರದಿ ಹೇಳುತ್ತದೆ. ಭಾರತದ ಸ್ಥಿತಿ ಇನ್ನೂ ಕೆಟ್ಟದು. ಸಾವಿರಕ್ಕೂ ಮಿಕ್ಕಿ ತಯಾರಾದ ಮೂಕಿಗಳಲ್ಲಿ ಉಳಿದವು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹಲವನ್ನು ಹುಡುಕಿ ತಂದವರು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿದ ಪಿ.ಕೆ. ನಾಯರ್. ಅಲ್ಲಿಯೂ 2003ರ ಜನವರಿಯ ಬೆಂಕಿಯಲ್ಲಿ ನೈಟ್ರೇಟ್ ಪ್ರತಿಗಳು ಸುಟ್ಟವು. ಗುಬ್ಬಿ ವೀರಣ್ಣನವರು ಮಾತಿಲ್ಲದೆ ಹೇಗೆ ನಗಿಸುತ್ತಿದ್ದರೆಂದು ತೆರೆಯ ಮೇಲೆ ನೋಡುವ ಭಾಗ್ಯ ಇಂದಿನವರಿಗಿಲ್ಲ. ಇದು ಸಣ್ಣ ನಷ್ಟವಲ್ಲ.

ಅಮೆರಿಕದ ಕಿರು ಹಾಸ್ಯಚಿತ್ರಗಳು ಆ ಮಟ್ಟಿಗೆ ಪುಣ್ಯ ಮಾಡಿದವು. ಚಾಪ್ಲಿನ್ನನ ಮ್ಯೂಚುವಲ್ ಚಿತ್ರಗಳು, ಕೀಟನ್ನನ 1920ರ ದಶಕದ ಮೊದಲ ವರ್ಷಗಳ ಎರಡು ರೀಲಿನ ಚಿತ್ರಗಳು ಒಳ್ಳೆಯ ಪ್ರತಿಗಳಲ್ಲಿ ಉಳಿದಿವೆ. ಅಲ್ಲಿ ಅವುಗಳ ಹಕ್ಕಿನ ಅವಧಿಯೂ ಮುಗಿದಿದೆ. ಇಪ್ಪತ್ತು, ಇಪ್ಪತ್ತೈದು ನಿಮಿಷದ ‘ಒನ್ ವೀಕ್’ ಶಾಲೆಯ ಒಂದು ಪೀರಿಯಡ್ಡಿಗೆ ಸರಿಹೊಂದುತ್ತದೆ. ತಿಕೋಟಾದ ಒಂದು ತರಗತಿಯಲ್ಲಿ ಕನ್ನಡದ, ಉರ್ದುವಿನ, ಲಂಬಾಣಿಯ ಮಕ್ಕಳು ಒಟ್ಟಿಗೆ ಕುಳಿತು ನೋಡಲು ಇದಕ್ಕಿಂತ ಒಳ್ಳೆಯ ಚಿತ್ರ ಸಿಗುವುದು ಕಷ್ಟ. ತೋರಿಸುವವರು ಎರಡು ಸಂಗತಿ ಗಮನಿಸಬೇಕು: ವೇಗ ಸರಿಪಡಿಸಿದ ಪ್ರತಿಯನ್ನು ಆರಿಸಿಕೊಳ್ಳಬೇಕು, ಅಲ್ಲಲ್ಲಿ ಬರುವ ಕೆಲವೇ ಬರಹದ ಕಾರ್ಡುಗಳನ್ನು ಹಳೆಯ ಕಾಲದವರ ಹಾಗೆ ಆ ಊರಿನ ಮಾತಿನಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು.